ಹುಲಿ ರೂಪಾಯಿ ಯಾರದ್ದು?

ಮಳೆಗಾಲದಲ್ಲಿ ನಮ್ಮ ಕುಂದೂರಿನ ಕಡೆ ಯಾವುದನ್ನೂ ಒಣಗಿದೆ ಎಂದು ನಂಬುವ ಹಾಗಿಲ್ಲ. ಪೆಟ್ಟಿಗೆಯೊಳಗಿನ ಬಟ್ಟೆಗೆ ಬೂಷ್ಟು, ಚಪ್ಪಲಿಗೆ ಬೂಷ್ಟು, ಪುಸ್ತಕದ ಹಾಳೆ ಹೊರಗಿಟ್ಟ ಹಪ್ಪಳದ ಹಾಗೆ ಮೆತ್ತಗೆ. ಆಲೂರು, ಸಕಲೇಶಪುರದ ಗುಡ್ಡಗಳ ನಡುವೆ ಕೂತು ಹಳೆಯ ನಾಣ್ಯ ಕೂಡಿಡುವುದೆಂದರೆ ಗಾಳಿಯ ಜೊತೆಗೇ ಜಗಳ ಆಡಿದ ಹಾಗೆ. ತಾಮ್ರಕ್ಕೆ ಕಿಲುಬು ಹಿಡಿಯುತ್ತದೆ, ಬೆಳ್ಳಿ ಕಪ್ಪಾಗುತ್ತದೆ. ಅಗ್ಗದ ಪಿವಿಸಿ ಕವರಿನಲ್ಲಿ ಹಾಕಿಟ್ಟರೆ ಕವರೇ ಕರಗಿ ಹಸಿರು ಅಂಟಾಗಿ ನಾಣ್ಯಕ್ಕೆ ಮೆತ್ತಿಕೊಳ್ಳುತ್ತದೆ. ಇಷ್ಟಾದರೂ ಮೂವತ್ತು ವರ್ಷಗಳಿಂದ ಈ ಹುಚ್ಚು ನನ್ನನ್ನು ಬಿಟ್ಟಿಲ್ಲ. ಈಚಿನ ಆರೇಳು ವರ್ಷಗಳಲ್ಲಿ ಅದರ ಜೊತೆ ಇನ್ನೊಂದು ಹುಚ್ಚು ಸೇರಿಕೊಂಡಿತು. ನಾಣ್ಯಗಳಿಗೆ ಅಂಕ ಹಾಕಿಸುವ ಹುಚ್ಚು. ಆ ಹುಚ್ಚಿನಿಂದಾಗಿ ನಾನು ಒಬ್ಬ ಮುದುಕಿಯ ಮುಂದೆ ತಲೆ ತಗ್ಗಿಸಿ ನಿಲ್ಲಬೇಕಾಯಿತು. ಅದನ್ನು ಹೇಳುವುದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಶುರುವಾದದ್ದು ಎಲ್ಲ ಹುಡುಗರಿಗೆ ಶುರುವಾಗುವ ಹಾಗೆಯೇ. ಒಂದು ಹಾರ್ಲಿಕ್ಸ್ ಬಾಟಲಿ. ಅದರಲ್ಲಿ ಆರು ಮೂಲೆಯ ಮೂರು ಪೈಸೆ, ಚೌಕದ ಐದು ಪೈಸೆ, ಅಲೆಯಂಚಿನ ಹತ್ತು ಪೈಸೆ, ಕಮಲದ ಹೂವಿದ್ದ ಹಳದಿ ಇಪ್ಪತ್ತು ಪೈಸೆ. ಆಮೇಲೆ ಇಸವಿಯ ಕೆಳಗಿನ ಗುರುತು ನೋಡುವುದನ್ನು ಯಾರೋ ಹೇಳಿಕೊಟ್ಟರು. ವಜ್ರದ ಆಕಾರವಿದ್ದರೆ ಮುಂಬಯಿ ಟಂಕಸಾಲೆ, ನಕ್ಷತ್ರವಿದ್ದರೆ ಹೈದರಾಬಾದ್, ಚುಕ್ಕೆಯಿದ್ದರೆ ನೋಯ್ಡಾ, ಏನೂ ಇಲ್ಲದಿದ್ದರೆ ಕೋಲ್ಕತ್ತ. ಅಂಗಡಿಯವನು ಕೊಟ್ಟ ಚಿಲ್ಲರೆ ಅಂದಿನಿಂದ ಬರೀ ಚಿಲ್ಲರೆಯಾಗಿ ಉಳಿಯಲಿಲ್ಲ. 2011ರ ಜೂನ್ 30ಕ್ಕೆ ನಾಲ್ಕಾಣೆಯೂ ಅದಕ್ಕಿಂತ ಕೆಳಗಿನವೂ ಚಲಾವಣೆಯಿಂದ ಹೋದಾಗ ಊರಿನವರು ನಕ್ಕರು, ನನಗೆ ಮಾತ್ರ ಸಾವಿನ ಸುದ್ದಿ ಕೇಳಿದಂತಾಯಿತು.

ಇದರ ಸುಖವನ್ನು ಸುಳ್ಳೆನ್ನಲಾರೆ. ನಮ್ಮ ಜಿಲ್ಲೆಯನ್ನೇ ಆಳಿದ ಹೊಯ್ಸಳರ ವಿಷ್ಣುವರ್ಧನ ತನ್ನ ಚಿನ್ನದ ಗದ್ಯಾಣದ ಮೇಲೆ ಕನ್ನಡದಲ್ಲಿ ‘ಶ್ರೀ ತಲಕಾಡುಗೊಂಡ’ ಎಂದು ಅಚ್ಚು ಹಾಕಿಸಿದ. ನಾವು ಶಾಲೆಯಲ್ಲಿ ಬಾಯಿಪಾಠ ಮಾಡಿದ ಬಿರುದು ಒಬ್ಬನ ಅಂಗೈಯಲ್ಲಿ ಕೂತು ಊರೂರು ತಿರುಗಿತ್ತು ಎಂದುಕೊಂಡರೆ ಮೈ ಜುಮ್ಮೆನ್ನುತ್ತದೆ. 1911ರಲ್ಲಿ ಐದನೇ ಜಾರ್ಜ್‌ನ ರೂಪಾಯಿ ಬಂತು. ರಾಜನ ನಿಲುವಂಗಿಯ ಮೇಲಿನ ಪದಕದಲ್ಲಿದ್ದ ಆನೆ ಜನರ ಕಣ್ಣಿಗೆ ಹಂದಿಯ ಹಾಗೆ ಕಂಡಿತು. ಗಲಾಟೆಯಾಗಿ ಸರ್ಕಾರ ಬಹುಪಾಲು ನಾಣ್ಯಗಳನ್ನು ಕರಗಿಸಿ, ಮರುವರ್ಷ ಸೊಂಡಿಲು ಸ್ಪಷ್ಟವಾಗಿ ಕಾಣುವ ಹಾಗೆ ತಿದ್ದಿತು. ಕಾಡಾನೆ ತೋಟಕ್ಕೆ ನುಗ್ಗಿ ಬಾಳೆ ಮುರಿಯುವ ಊರಿನಲ್ಲಿ ಕೂತು, ಆನೆಯನ್ನು ಹಂದಿ ಎಂದುಕೊಂಡವರ ಕತೆ ಓದುವುದರಲ್ಲಿ ಬೇರೆಯೇ ಮಜಾ ಇದೆ.

ಇನ್ನು ಅಂಕದ ವಿಷಯ. ನಾಣ್ಯವನ್ನು ಒಂದು ಕಂಪನಿಗೆ ಕಳಿಸಿದರೆ ಅವರು ಅಸಲಿಯೋ ನಕಲಿಯೋ ನೋಡುತ್ತಾರೆ. ಅಚ್ಚು ಎಷ್ಟು ಚೆನ್ನಾಗಿ ಬಿದ್ದಿದೆ, ಸವೆತ ಎಷ್ಟು, ಗೀರು ಎಷ್ಟು, ಟಂಕಸಾಲೆಯಿಂದ ಹೊರಬಿದ್ದ ದಿನದ ಹೊಳಪು ಎಷ್ಟು ಉಳಿದಿದೆ ಎಂದು ಪರೀಕ್ಷಿಸಿ 1ರಿಂದ 70ರವರೆಗೆ ಒಂದು ಅಂಕ ಕೊಡುತ್ತಾರೆ. 60ರಿಂದ ಮೇಲೆ ಹೋದರೆ ಅದು ಯಾರ ಕೈಯಲ್ಲೂ ಚಲಾವಣೆಯಾಗದ ನಾಣ್ಯ ಎಂದರ್ಥ. ಆಮೇಲೆ ಅದನ್ನು ಗಟ್ಟಿ ಪ್ಲಾಸ್ಟಿಕ್ಕಿನ ಡಬ್ಬಿಯಲ್ಲಿಟ್ಟು, ಒಡೆಯದೆ ತೆಗೆಯಲಾಗದಂತೆ ಮುಚ್ಚಿ, ಅಂಕದ ಚೀಟಿಯೊಂದಿಗೆ ವಾಪಸು ಕಳಿಸುತ್ತಾರೆ.

ಕಾಫಿ ಸೀಮೆಯವನಿಗೆ ಇದು ಹೊಸದಲ್ಲ. ನಮ್ಮ ಪಾರ್ಚ್‌ಮೆಂಟ್ ಹಾಸನದ ಕ್ಯೂರಿಂಗ್ ವರ್ಕ್ಸ್‌ಗೆ ಹೋದ ಮೇಲೆ ಜರಡಿಯಲ್ಲಿ ಬೇರೆಯಾಗಿ ಪ್ಲಾಂಟೇಶನ್ ಎ, ಪೀಬೆರ್ರಿ, ಬಿ, ಸಿ ಎಂದು ಹೆಸರು ಪಡೆಯುತ್ತದೆ. ನೋಡದ ಊರಿನ, ನೋಡದ ಮನುಷ್ಯ ಆ ಅಕ್ಷರವನ್ನು ನಂಬಿ ದುಡ್ಡು ಹಾಕುತ್ತಾನೆ. ನಾಣ್ಯದ ಅಂಕವೂ ಅಷ್ಟೇ. ಮೊದಲು ಬೆಂಗಳೂರಿನಿಂದಲೋ ಮುಂಬಯಿಯಿಂದಲೋ ಅಂಚೆಯಲ್ಲಿ ತರಿಸಿದ ನಾಣ್ಯಕ್ಕೆ ಮಾರುವವನ ನಾಲಗೆಯೇ ಸಾಕ್ಷಿ. ‘ಹೊಚ್ಚ ಹೊಸದು ಸಾರ್’ ಎಂದದ್ದು ಸವಕಲಾಗಿ ಬರುತ್ತಿತ್ತು. ಅಂಕ ಬಂದ ಮೇಲೆ ಹಳ್ಳಿಯಲ್ಲಿ ಕೂತ ನಾನೂ ಮೋಸ ಹೋಗದೆ ಕೊಳ್ಳುವಂತಾಯಿತು. ಹಿಂದೆ ಪೇಟೆಗಳಲ್ಲಿ ಚಿನಿವಾರ ಕೂತಿರುತ್ತಿದ್ದ. ರೂಪಾಯಿಯನ್ನು ಕಲ್ಲಿನ ಮೇಲೆ ಬಡಿದು ನಾದ ಕೇಳಿ, ತೂಗಿ, ಸವೆದಿದ್ದರೆ ವಟ್ಟ ಕಳೆದು ಕೊಡುತ್ತಿದ್ದ. ಇಂದಿನ ಕಂಪನಿ ಅವನ ಮೊಮ್ಮಗ ಎನ್ನಬಹುದು. ಆದರೆ ಈ ಡಬ್ಬಿಯ ನಾಣ್ಯವನ್ನು ಬಡಿದು ನಾದ ಕೇಳುವಂತಿಲ್ಲ. ಅಂಚನ್ನು ಬೆರಳಿನಿಂದ ಸವರುವಂತಿಲ್ಲ.

ಕಿರಿಕಿರಿಗಳೂ ಕಡಿಮೆಯಿಲ್ಲ. ಶುಲ್ಕ, ತಿಂಗಳುಗಟ್ಟಲೆ ಕಾಯುವುದು, 64 ಬಂದರೆ 65 ಯಾಕಲ್ಲ ಎಂಬ ಸಂಕಟ. ಡಬ್ಬಿ ಒಡೆದು ಅದೇ ನಾಣ್ಯವನ್ನು ಮತ್ತೆ ಕಳಿಸಿ ಒಂದಂಕ ಹೆಚ್ಚು ಪಡೆದವರಿದ್ದಾರೆ, ಕಡಿಮೆ ಪಡೆದು ತಲೆ ಮೇಲೆ ಕೈಹೊತ್ತವರೂ ಇದ್ದಾರೆ. 1972ರ ಪುರಾತನ ವಸ್ತುಗಳ ಕಾಯ್ದೆಯ ಪ್ರಕಾರ ನೂರು ವರ್ಷ ದಾಟಿದ ನಾಣ್ಯವನ್ನು ಖಾಸಗಿಯವರು ದೇಶದಾಚೆ ಕಳಿಸುವಂತಿಲ್ಲ. ಹಾಗಾಗಿ ಒಬ್ಬ ಮಧ್ಯವರ್ತಿಯ ಮೂಲಕ ನಾನು ಕಳಿಸಿದ್ದು ಅದಕ್ಕಿಂತ ಹೊಸದಾದ ಕೆಲವನ್ನು ಮಾತ್ರ. ಮೊದಲ ಕಂತಿನಲ್ಲಿ ಅಜ್ಜಿಯ ರೂಪಾಯಿಯೊಂದಿತ್ತು.

ಅದು 1938ರ ಆರನೇ ಜಾರ್ಜ್‌ನ ಬೆಳ್ಳಿ ರೂಪಾಯಿ. ಮರುವರ್ಷ ಮಹಾಯುದ್ಧ ಶುರುವಾಗಿ, 1940ರಿಂದ ರೂಪಾಯಿಯೊಳಗಿನ ಬೆಳ್ಳಿ ಅರ್ಧಕ್ಕೆ ಇಳಿಯಿತು. ಇದು ಅದಕ್ಕೂ ಮುಂಚಿನ ತುಂಬು ಬೆಳ್ಳಿಯದು. ಅಜ್ಜಿ ಮದುವೆಯಾಗಿ ಬಂದಾಗ ತವರಿನವರು ಮಡಿಲಿಗೆ ಹಾಕಿದ್ದು. ಎಂದೂ ಖರ್ಚಾಗದ್ದು, ಆದ್ದರಿಂದ ಒಳ್ಳೆಯ ಅಂಕ ಬರುತ್ತದೆಂದು ನನ್ನ ಲೆಕ್ಕ. ಡಬ್ಬಿ ವಾಪಸು ಬಂದಾಗ ಅದರಲ್ಲಿ ಅಂಕವೇ ಇರಲಿಲ್ಲ. ‘ಕ್ಲೀನ್ಡ್’ ಎಂದು ಬರೆದಿತ್ತು. ತೊಳೆದ ನಾಣ್ಯ ಎಂದು. ಅಂಥದಕ್ಕೆ ಸಂಖ್ಯೆ ಕೊಡುವುದಿಲ್ಲ.

ಯಾರು ತೊಳೆದರೆಂದು ಹುಡುಕಬೇಕಾಗಿರಲಿಲ್ಲ. ಪ್ರತಿ ದೀಪಾವಳಿಗೂ ಅಜ್ಜಿ ಆ ರೂಪಾಯಿಯನ್ನು ಹುಣಸೆಹಣ್ಣು, ಬೂದಿ ಹಾಕಿ ತಿಕ್ಕಿ, ಕುಂಕುಮವಿಟ್ಟು, ಲಕ್ಷ್ಮಿಯ ಮುಂದೆ ಇಡುತ್ತಿದ್ದರು. ಅಜ್ಜಿಯ ನಂತರ ಅಮ್ಮ. ಹುಳಿ ಮೇಲಿನ ಪದರವನ್ನು ತಿಂದಿತ್ತು, ಬೂದಿ ಕೂದಲೆಳೆಯಂಥ ಗೀರು ಎಳೆದಿತ್ತು. ಭೂತಕನ್ನಡಿ ಹಿಡಿದರೆ ರಾಜನ ಕೆನ್ನೆಯ ತುಂಬ ಒಂದೇ ದಿಕ್ಕಿನ ಗೆರೆಗಳು. ಅಂದು ನಾನು ಅಮ್ಮನ ಮೇಲೆ ರೇಗಿದೆ. ‘ಸುಮ್ಮನೆ ಇಟ್ಟಿದ್ದರೆ ಸಾವಿರಾರು ರೂಪಾಯಿ ಬರ್ತಿತ್ತಲ್ಲಮ್ಮ’ ಎಂದೆ. ಅಮ್ಮ, ‘ಲಕ್ಷ್ಮೀನ ಕೊಳೆಯಾಗಿ ಕೂರಿಸ್ತಾರೇನೋ?’ ಎಂದರು. ಉತ್ತರ ಹೊಳೆಯಲಿಲ್ಲ. ಆದರೂ ಸಿಟ್ಟು ಇಳಿಯಲಿಲ್ಲ. ಸಂಖ್ಯೆಯೊಂದು ನನ್ನ ತಲೆಯೊಳಗೆ ಎಷ್ಟು ಆಳಕ್ಕೆ ಇಳಿದಿತ್ತೆಂದರೆ, ಎಪ್ಪತ್ತು ವರ್ಷಗಳ ಪೂಜೆ ನನಗೆ ಎಪ್ಪತ್ತು ವರ್ಷಗಳ ನಷ್ಟವಾಗಿ ಕಂಡಿತು.

ಈ 70ರ ಅಳತೆ ಬಂದದ್ದೆಲ್ಲಿಂದ ಎಂದು ಆಮೇಲೆ ಓದಿದೆ. ಅಮೆರಿಕದ ವಿಲಿಯಂ ಶೆಲ್ಡನ್ ಎಂಬಾತ 1949ರಲ್ಲಿ ತನ್ನ ದೇಶದ ಹಳೆಯ ತಾಮ್ರದ ಸೆಂಟುಗಳ ಬಗ್ಗೆ ಪುಸ್ತಕ ಬರೆದು ಈ ಅಳತೆ ಕೊಟ್ಟ. ಪೂರ್ತಿ ಸವೆದ ಸೆಂಟಿನ ಬೆಲೆ ಒಂದಾದರೆ, ಚೂರೂ ಮುಕ್ಕಾಗದ ಅದೇ ಸೆಂಟಿನ ಬೆಲೆ ಎಪ್ಪತ್ತು ಪಟ್ಟು ಎಂಬುದು ಅವನ ಲೆಕ್ಕ. ಅಂದರೆ ನಾವು ಗುಣ ಎಂದುಕೊಂಡಿರುವ ಅಂಕ ಹುಟ್ಟುವಾಗಲೇ ಬೆಲೆಯಾಗಿತ್ತು. ಶೆಲ್ಡನ್ ವೃತ್ತಿಯಿಂದ ಮನಶ್ಶಾಸ್ತ್ರಜ್ಞ. ಮನುಷ್ಯರ ಮೈಕಟ್ಟನ್ನು ಮೂರು ಬಗೆಯಾಗಿ ವಿಂಗಡಿಸಿ ಅದಕ್ಕೂ ಅಂಕ ಹಾಕಿದವನು. 1977ರಲ್ಲಿ ಅವನು ತೀರಿಕೊಂಡ ಮೇಲೆ ಇನ್ನೊಂದು ವಿಷಯ ಹೊರಬಿತ್ತು. ಅಮೆರಿಕನ್ ನ್ಯೂಮಿಸ್ಮ್ಯಾಟಿಕ್ ಸೊಸೈಟಿಯ ಸಂಗ್ರಹದಿಂದ ಆತ ಒಳ್ಳೆಯ ಸೆಂಟುಗಳನ್ನು ಎತ್ತಿಕೊಂಡು, ಆ ಜಾಗದಲ್ಲಿ ತನ್ನ ಕೆಳದರ್ಜೆಯ ಸೆಂಟುಗಳನ್ನು ಇಟ್ಟುಬಂದಿದ್ದ. ನಾಣ್ಯಕ್ಕೆ ಅಂಕ ಹಾಕುವ ಕಣ್ಣು ಎಷ್ಟೇ ಚುರುಕಾಗಿದ್ದರೂ ಕೈ ಶುದ್ಧವಾಗಿರುತ್ತದೆಂಬ ಖಾತ್ರಿ ಇಲ್ಲ. ಇದನ್ನು ಓದಿ ನಾನು ನಕ್ಕಿದ್ದೆ. ಹಾಗೆ ನಗುವ ಯೋಗ್ಯತೆ ನನಗಿರಲಿಲ್ಲ.

ನಮ್ಮ ಪಕ್ಕದ ತೋಟದ ಲೈನ್ ಮನೆಯಲ್ಲಿ ಒಬ್ಬ ಮುದುಕಿ ಇದ್ದಾರೆ. ಅವರ ತಾಯಿ ಘಟ್ಟದ ಕೆಳಗಿನಿಂದ ಮೇಸ್ತ್ರಿಯ ಜೊತೆ ಬಂದವರು. ನಾನು ಚಿಕ್ಕವನಿದ್ದಾಗಿನಿಂದ ನೋಡಿದವರು, ನಾನು ಅವ್ವ ಎನ್ನುತ್ತೇನೆ, ಅವರು ನನ್ನನ್ನು ಸಣ್ಣಯ್ಯ ಎನ್ನುತ್ತಾರೆ. ಒಂದು ಜೂನ್ ತಿಂಗಳು, ಮೊಮ್ಮಗಳ ಕಾಲೇಜಿನ ಫೀಸು ಕಟ್ಟುವ ಹೊತ್ತಿಗೆ, ಸೆರಗಿನ ಗಂಟು ಬಿಚ್ಚಿ ಒಂದು ನಾಣ್ಯ ಕೊಟ್ಟರು. ‘ಹಳೇ ದುಡ್ಡು ತಗೋತೀರಂತಲ್ಲ ಸಣ್ಣಯ್ಯ, ಇದೇನಾದ್ರೂ ಬರುತ್ತಾ ನೋಡಿ’ ಎಂದರು.

ಅದು 1947ರ ನಿಕಲ್ ರೂಪಾಯಿ. ಮುಂದೆ ಆರನೇ ಜಾರ್ಜ್, ಹಿಂದೆ ಹುಲಿ. ಬ್ರಿಟಿಷ್ ಚಕ್ರವರ್ತಿಯ ತಲೆಯಿದ್ದ ನಮ್ಮ ಕಡೆಯ ರೂಪಾಯಿ. 1950ರಲ್ಲಿ ಗಣರಾಜ್ಯದ ನಾಣ್ಯ ಬಂದಾಗ ರಾಜನ ಜಾಗಕ್ಕೆ ಅಶೋಕನ ಸಿಂಹ ಬಂತು. ಈ ಹುಲಿ ರೂಪಾಯಿ ಅಪರೂಪವೇನಲ್ಲ, ಸವೆದದ್ದು ಎಷ್ಟು ಬೇಕಾದರೂ ಸಿಗುತ್ತದೆ. ಆದರೆ ಇದನ್ನು ಕಿಟಕಿಯ ಬೆಳಕಿಗೆ ಓರೆ ಮಾಡಿದಾಗ ಹೊಳಪು ಗಾಡಿಚಕ್ರದ ಅರಗಳಂತೆ ಗರಗರ ತಿರುಗಿತು. ಟಂಕಸಾಲೆಯಿಂದ ಬಂದ ದಿನ ಇದ್ದ ಹಾಗೆಯೇ ಇತ್ತು. ನನ್ನ ಎದೆ ಹೊಡೆದುಕೊಂಡಿತು. ಮುಖದಲ್ಲಿ ಮಾತ್ರ ಏನೂ ತೋರಗೊಡಲಿಲ್ಲ.

‘ಎಲ್ಲಿತ್ತವ್ವ ಇದು?’ ಎಂದೆ. ಸ್ವಾತಂತ್ರ್ಯ ಬಂದ ಕಾಲದಲ್ಲಿ ತಾಯಿಗೆ ಬಟವಾಡೆಯಲ್ಲಿ ಸಿಕ್ಕಿದ್ದಂತೆ. ಹುಲಿ ಮನೆ ಕಾಯುತ್ತದೆಂದು ಬಟ್ಟೆಯಲ್ಲಿ ಸುತ್ತಿ ತಗಡಿನ ಡಬ್ಬಿಯಲ್ಲಿಟ್ಟಿದ್ದರಂತೆ. ಚೊಂಬು ಅಡವಿಟ್ಟ ವರ್ಷವೂ ಇದನ್ನು ಮುಟ್ಟಲಿಲ್ಲವಂತೆ. ನಾನು ಮುನ್ನೂರು ರೂಪಾಯಿ ಕೊಟ್ಟೆ. ಸವೆದ ಹುಲಿ ರೂಪಾಯಿಗೆ ಯಾರೂ ಅಷ್ಟು ಕೊಡುವುದಿಲ್ಲ, ಹಾಗಾಗಿ ನನ್ನ ಕಣ್ಣಿಗೆ ನಾನು ಧಾರಾಳಿಯಾಗಿಯೇ ಕಂಡೆ. ಅವ್ವ ನೋಟುಗಳನ್ನು ಕಣ್ಣಿಗೊತ್ತಿಕೊಂಡು ಹೋದರು. ನಾಣ್ಯ ಅಂಕಕ್ಕೆ ಹೋಯಿತು. 65 ಬಂತು. ಬೆಂಗಳೂರಿನ ಒಬ್ಬರು ಹನ್ನೆರಡು ಸಾವಿರಕ್ಕೆ ಕೇಳಿದರು.

ಸಂತೋಷದಿಂದ ಎರಡು ದಿನ ಓಡಾಡಿದೆ. ಮೂರನೆಯ ದಿನದಿಂದ ನನ್ನೊಳಗೆ ವಾದ ಶುರುವಾಯಿತು. ನಾನು ಸುಳ್ಳು ಹೇಳಲಿಲ್ಲವಲ್ಲ? ಕಾನೂನು ಮುರಿಯಲಿಲ್ಲವಲ್ಲ? ಅದೇ ನಾಣ್ಯ ತೋಟದ ಮಣ್ಣಿನಲ್ಲಿ ಹೂತು ಸಿಕ್ಕಿದ್ದರೆ ಜಿಲ್ಲಾಧಿಕಾರಿಗೆ ತಿಳಿಸಬೇಕೋ ಬೇಡವೋ ಎಂದು 1878ರ ನಿಧಿ ಕಾಯ್ದೆ ಬಿಚ್ಚಿ ನೋಡಬಹುದಿತ್ತು. ಬಡವಿಯ ಸೆರಗಿನ ಗಂಟಿನಲ್ಲಿ ಸಿಕ್ಕಿದ್ದಕ್ಕೆ ನೋಡಲು ಯಾವ ಕಾಯ್ದೆಯೂ ಇಲ್ಲ.

ಈ ವಾದ ಹಳೆಯದು. ಕ್ರಿಸ್ತಪೂರ್ವ 44ರಲ್ಲಿ ರೋಮಿನ ಸಿಸಿರೊ ತನ್ನ ಮಗನಿಗಾಗಿ ಕರ್ತವ್ಯಗಳ ಬಗ್ಗೆ ಬರೆದ ಪುಸ್ತಕದಲ್ಲಿ ಇದೇ ಬರುತ್ತದೆ. ರೋಡ್ಸ್ ದ್ವೀಪದಲ್ಲಿ ಬರ. ಒಬ್ಬ ವರ್ತಕ ಅಲೆಕ್ಸಾಂಡ್ರಿಯದಿಂದ ಧಾನ್ಯ ತಂದಿದ್ದಾನೆ. ಹಿಂದೆ ಇನ್ನೂ ಹಡಗುಗಳು ಬರುತ್ತಿವೆ ಎಂಬುದು ಅವನಿಗೆ ಗೊತ್ತು, ಊರವರಿಗೆ ಗೊತ್ತಿಲ್ಲ. ಹೇಳಬೇಕೋ, ಸುಮ್ಮನಿದ್ದು ಒಳ್ಳೆಯ ಬೆಲೆಗೆ ಮಾರಬೇಕೋ? ಹೇಳದೆ ಇರುವುದು ಬಚ್ಚಿಟ್ಟಂತಲ್ಲ, ಕಾನೂನು ಕೇಳಿದಷ್ಟು ಹೇಳಿದರೆ ಸಾಕು ಎನ್ನುತ್ತಾನೆ ಡಯೋಜಿನಿಸ್ ಎಂಬ ತತ್ವಜ್ಞಾನಿ. ಅವನ ಶಿಷ್ಯ ಆಂಟಿಪೇಟರ್, ತನಗೆ ಗೊತ್ತಿದ್ದದ್ದು ಕೊಳ್ಳುವವನಿಗೂ ಗೊತ್ತಿರಬೇಕು ಎನ್ನುತ್ತಾನೆ. ಸಿಸಿರೊ ಶಿಷ್ಯನ ಪಕ್ಷ. ಅದೇ ಪುಸ್ತಕದಲ್ಲಿ ಇನ್ನೊಂದು ಪ್ರಶ್ನೆಯೂ ಇದೆ. ಒಬ್ಬ ಹಿತ್ತಾಳೆ ಎಂದುಕೊಂಡು ಚಿನ್ನ ಮಾರುತ್ತಿದ್ದರೆ, ಸಜ್ಜನನಾದವನು ಅದು ಚಿನ್ನವಪ್ಪಾ ಎಂದು ಹೇಳುತ್ತಾನೋ, ಸಾವಿರ ಬಾಳುವುದನ್ನು ಒಂದಕ್ಕೆ ಕೊಂಡು ಹೋಗುತ್ತಾನೋ? ಎರಡು ಸಾವಿರ ವರ್ಷ ಹಿಂದಿನವನು ನನ್ನ ಹಜಾರದೊಳಗೆ ಇಣುಕಿ ನೋಡಿದಂತಾಯಿತು.

ನನ್ನ ಕಡೆಯ ವಾದವನ್ನೂ ನ್ಯಾಯವಾಗಿ ಹೇಳಬೇಕು. ಅವ್ವನಿಗಿಲ್ಲದ ಕಣ್ಣು ನನಗೆ ಸುಮ್ಮನೆ ಬಂದದ್ದಲ್ಲ. ಮೂವತ್ತು ವರ್ಷ ನೋಡಿ, ಮೋಸ ಹೋಗಿ, ದುಡ್ಡು ಕಳೆದುಕೊಂಡು ಬಂದದ್ದು. ಕಲಿಕೆಗೂ ಕೂಲಿ ಬೇಡವೇ? ಬೇಕು. ನಾಣ್ಯದ ವ್ಯಾಪಾರಿಯ ತಟ್ಟೆಯಿಂದ, ಅವನು ಗಮನಿಸದ ಒಳ್ಳೆಯ ನಾಣ್ಯವನ್ನು ಹೆಕ್ಕಿಕೊಂಡರೆ ನನಗೆ ಇವತ್ತಿಗೂ ನಾಚಿಕೆಯಿಲ್ಲ. ಅವನ ಕೈಯಲ್ಲೂ ಭೂತಕನ್ನಡಿಯಿದೆ, ಇಬ್ಬರೂ ಆಟಕ್ಕೆ ಇಳಿದವರು. ಅವ್ವ ಆಟಕ್ಕೆ ಇಳಿದಿರಲಿಲ್ಲ. ಅವರು ಆಲೂರಿಗೋ ಹಾಸನಕ್ಕೋ ಹೋಗಿ ನಾಲ್ಕು ಕಡೆ ವಿಚಾರಿಸಬಹುದಿತ್ತು. ವಿಚಾರಿಸದೇ ಇದ್ದದ್ದು ದಡ್ಡತನದಿಂದಲ್ಲ, ಕೊಳ್ಳುವವನು ನಾನು ಎಂಬ ಕಾರಣದಿಂದ. ಅವರ ಭೂತಕನ್ನಡಿ ನಾನೇ ಆಗಿದ್ದೆ. ಅವರಿಗೆ ಗೊತ್ತಿಲ್ಲದ್ದರಿಂದ ನನಗೆ ಲಾಭವಾಯಿತು ಎಂದಷ್ಟೇ ಹೇಳಿದರೆ ಮಾತು ಅರ್ಧವಾಗುತ್ತದೆ. ಅವರು ನನ್ನನ್ನು ನಂಬಿದ್ದರಿಂದ ನನಗೆ ಲಾಭವಾಯಿತು.

ಕನ್ನಡದಲ್ಲಿ ನಂಬಿಗಸ್ತನಿಗೆ ನಾಣ್ಯಸ್ಥ ಎನ್ನುತ್ತೇವೆ. ಒಳ್ಳೆಯ ಸರಕನ್ನು ನಾಣ್ಯವಾದ ಮಾಲು ಎನ್ನುತ್ತೇವೆ. ನಮ್ಮ ಹಿರಿಯರಿಗೆ ನಾಣ್ಯವೆಂದರೆ ಲೋಹಕ್ಕಿಂತ ಮೊದಲು ಮಾತು. ಮೂವತ್ತು ವರ್ಷ ನಾಣ್ಯ ಕೂಡಿಟ್ಟವನಿಗೆ ಈ ಪದ ಒಮ್ಮೆಯೂ ಚುಚ್ಚಿರಲಿಲ್ಲ.

ಇನ್ನೂ ಒಂದಿದೆ. ಆ 65 ಎಲ್ಲಿಂದ ಬಂತು? ಕಂಪನಿ ಅದನ್ನು ಗುರುತಿಸಿತು, ಶುಲ್ಕ ಪಡೆಯಿತು. ನಾನು ಅಂದಾಜಿಸಿದೆ. ಮಾಡಿದವರು ಮಾತ್ರ ಬೇರೆ. ಉಪ್ಪಿಗೆ ದುಡ್ಡಿಲ್ಲದ ದಿನವೂ ಒಂದು ಇಡೀ ರೂಪಾಯಿಯನ್ನು ಮುಟ್ಟದೆ ಇಟ್ಟ ತಾಯಿ, ಅವರ ಮಗಳು. ಇದ್ದವರಿಗೆ ನಾಣ್ಯ ಖರ್ಚು ಮಾಡದೆ ಇಡುವುದು ಸುಲಭ. ಇಲ್ಲದವರು ಇಟ್ಟರೆ ಅದು ವ್ರತ. ಅಳತೆಗೋಲು ಇದನ್ನು ‘ಕೈ ತಾಗದ್ದು’ ಎಂದು ಬರೆಯುತ್ತದೆ. ಅಜ್ಜಿಯ ರೂಪಾಯಿಗೆ ‘ಕೈ ತಾಗಿ ಕೆಟ್ಟದ್ದು’ ಎನ್ನುತ್ತದೆ. ಒಬ್ಬರು ಭಕ್ತಿಯಿಂದ ಮುಟ್ಟಿದರು, ಇನ್ನೊಬ್ಬರು ಭಕ್ತಿಯಿಂದಲೇ ಮುಟ್ಟಲಿಲ್ಲ. ಡಬ್ಬಿಯ ಚೀಟಿಯಲ್ಲಿ ಇಬ್ಬರಿಗೂ ಜಾಗವಿಲ್ಲ. ಕಾಫಿಯಲ್ಲೂ ಹೀಗೆಯೇ. ಹಣ್ಣು ನೋಡಿ, ಕಾಯಿ ಬಿಟ್ಟು, ಒಂದೊಂದಾಗಿ ಕೊಯ್ದ ಬೆರಳಿನಿಂದಲೇ ಒಳ್ಳೆಯ ದರ್ಜೆ ಬರುವುದು. ದರ್ಜೆ ಗೊತ್ತಾಗುವ ಹೊತ್ತಿಗೆ ಕೊಯ್ದವರ ಬಟವಾಡೆ ಮುಗಿದಿರುತ್ತದೆ.

ಒಂದು ಸಂಜೆ ಡಬ್ಬಿಯನ್ನೂ ಆರು ಸಾವಿರ ರೂಪಾಯಿಯನ್ನೂ ಹಿಡಿದು ಲೈನ್ ಮನೆಗೆ ಹೋದೆ. ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಅವ್ವ ದುಡ್ಡು ಎಣಿಸಲಿಲ್ಲ. ಡಬ್ಬಿಯನ್ನು ತಿರುಗಿಸಿ ನೋಡಿದರು, ಉಗುರಿನಿಂದ ಅಂಚು ಕೆರೆದರು. ‘ಬಾಗಿಲಿಲ್ವಾ ಇದಕ್ಕೆ?’ ಎಂದರು. ಇಲ್ಲ ಎಂದೆ. ‘ಪಾಪ’ ಎಂದರು. ಹುಲಿಗೋ ನನಗೋ ತಿಳಿಯಲಿಲ್ಲ.

ಆಮೇಲೆ ಕೇಳಿದರು: ‘ಅವತ್ತೇ ಗೊತ್ತಿತ್ತಾ ಸಣ್ಣಯ್ಯ ನಿಮಗೆ?’

ಇಷ್ಟು ದಿನ ವಾದ ಮಾಡಿದ್ದರಲ್ಲಿ ಈ ಪ್ರಶ್ನೆಗೆ ನಾನು ಉತ್ತರ ಸಿದ್ಧಮಾಡಿಕೊಂಡಿರಲಿಲ್ಲ. ‘ಅಂದಾಜಿತ್ತವ್ವ’ ಎಂದೆ. ಅವರು ಹೂಂ ಎಂದರು. ಬಯ್ಯಲಿಲ್ಲ. ದುಡ್ಡನ್ನು ಮೊಮ್ಮಗಳ ಕೈಗೆ ಕೊಟ್ಟು, ಕಾಫಿ ಕಾಸಲು ಹೇಳಿದರು. ಕಾಫಿ ಕುಡಿದು ಬಂದೆ.

ಅರ್ಧ ಕೊಟ್ಟದ್ದು ಸರಿಯೋ, ಮುಕ್ಕಾಲು ಕೊಡಬೇಕಿತ್ತೋ ಎಂದು ಈಗಲೂ ಲೆಕ್ಕ ಹಾಕುತ್ತೇನೆ. ಲೆಕ್ಕ ಹೇಗಾದರೂ ಹೊಂದುತ್ತದೆ. ಹೊಂದದೆ ಉಳಿದದ್ದು ಆ ಜೂನ್ ತಿಂಗಳ ಮಧ್ಯಾಹ್ನ, ಕಿಟಕಿಯ ಬಳಿ ನಾನು ಮುಚ್ಚಿಟ್ಟುಕೊಂಡ ಮುಖ. ಮೊದಲೇ ಹೇಳಿದ ನಿಜಕ್ಕೂ ಆಮೇಲೆ ತಂದೊಪ್ಪಿಸಿದ ನಿಜಕ್ಕೂ ವ್ಯತ್ಯಾಸವಿದೆ. ಎರಡನೆಯದು ತಿಕ್ಕಿ ತೊಳೆದ ನಾಣ್ಯದ ಹಾಗೆ. ಹೊಳೆಯುತ್ತದೆ, ಆದರೆ ಕನ್ನಡಿ ಹಿಡಿದವರಿಗೆ ಗೀರು ಕಾಣುತ್ತದೆ. ಅವ್ವ ಈಗಲೂ ನನ್ನನ್ನು ಮಾತಾಡಿಸುತ್ತಾರೆ. ಹಿಂದೆ ಎಲೆ ಅಡಿಕೆಗೆ ಚಿಲ್ಲರೆ ಬೇಕಾದರೆ ನನ್ನ ಕೈಗೆ ನೋಟು ಕೊಟ್ಟು, ವಾಪಸು ಬಂದದ್ದನ್ನು ಎಣಿಸದೆ ಸೆರಗಿಗೆ ಕಟ್ಟಿಕೊಳ್ಳುತ್ತಿದ್ದರು. ಈಗ ಎಣಿಸುತ್ತಾರೆ. ಅಥವಾ ಮೊದಲೂ ಎಣಿಸುತ್ತಿದ್ದರೋ, ನಾನು ಗಮನಿಸಿರಲಿಲ್ಲವೋ.

ಈಗ ಯಾರಾದರೂ ಮನೆಗೆ ನಾಣ್ಯ ತಂದರೆ ಬೆಲೆ ಮಾತಾಡುವ ಮೊದಲು ನನಗೆ ಕಂಡದ್ದನ್ನು ಹೇಳಿಬಿಡುತ್ತೇನೆ. ಇದರಿಂದ ಎರಡು ಒಳ್ಳೆಯ ನಾಣ್ಯ ಕೈತಪ್ಪಿವೆ. ರಾತ್ರಿ ನೆನಪಾದರೆ ಹೊಟ್ಟೆ ಉರಿಯುತ್ತದೆ. ಹುಚ್ಚು ಹುಚ್ಚೇ.

ಅಜ್ಜಿಯ ರೂಪಾಯಿಯ ಡಬ್ಬಿಯನ್ನು ಕಳೆದ ದೀಪಾವಳಿಯ ಹಿಂದಿನ ದಿನ ಕತ್ತಿಯ ಹಿಂಬದಿಯಿಂದ ಒಡೆದೆ. ಹೊರಗೆ ಬಂದ ನಾಣ್ಯವನ್ನು ಹೊಸಿಲ ಕಲ್ಲಿನ ಮೇಲೆ ಬೀಳಿಸಿದಾಗ ಬೆಳ್ಳಿಯ ನಾದ ಹಾಗೆಯೇ ಇತ್ತು. ಅಮ್ಮನ ಕೈಗೆ ಕೊಡುತ್ತಾ, ‘ಹುಣಸೆಹಣ್ಣು ಬೇಡಮ್ಮ, ಬರೀ ನೀರು ಸಾಕು’ ಎಂದೆ. ಅಮ್ಮ ಆಗಲಿ ಎಂದರು. ಬೆಳಿಗ್ಗೆ ಎದ್ದು ನೋಡಿದರೆ ಲಕ್ಷ್ಮಿಯ ಮುಂದೆ ರೂಪಾಯಿ ಫಳಫಳ ಹೊಳೆಯುತ್ತಿತ್ತು. ಬಚ್ಚಲಿನ ಕಟ್ಟೆಯ ಮೇಲೆ ಹುಣಸೆಯ ನಾರು ಬಿದ್ದಿತ್ತು.